ಚೂರಣ್ಣ ಬೀಗ ತಂದದ್ದು

ಅಡುಗೆಮನೆಯ ಬಾಗಿಲಿಗೆ ಬೀಗ ಬಿದ್ದ ಮೇಲೆಯೇ ಚೂರಣ್ಣನಿಗೆ ಮನೆಯ ಉಳಿದ ಕೋಣೆಗಳು ಕಣ್ಣಿಗೆ ಬಿದ್ದದ್ದು. ಅಲ್ಲಿಯವರೆಗೆ ಆ ಮನೆಯಲ್ಲಿ ಅವನ ಪಾಲಿಗೆ ಇದ್ದದ್ದು ಒಂದೇ ಕೋಣೆ. ಹಜಾರದಲ್ಲಿ ಕೂತಿದ್ದರೂ ಅವನು ಅಡುಗೆಮನೆಯಲ್ಲೇ ಇರುತ್ತಿದ್ದ, ಸ್ನಾನ ಮಾಡುವಾಗಲೂ ಅಡುಗೆಮನೆಯಲ್ಲೇ ಇರುತ್ತಿದ್ದ, ಕನಸಿನಲ್ಲಂತೂ ಬೇರೆಲ್ಲೂ ಹೋಗುತ್ತಲೇ ಇರಲಿಲ್ಲ. ಬ್ರೆಡ್ಡು ಎಷ್ಟು ಉಳಿದಿದೆ, ಬಾಳೆಹಣ್ಣು ಯಾರು ತಿಂದರು, ಫ್ರಿಜ್ಜಿನೊಳಗೆ ತಟ್ಟೆ ಮುಚ್ಚಿಟ್ಟದ್ದು ಏನನ್ನು, ತಲೆಯ ತುಂಬ ಇದೇ.

ಇದು ಹುಟ್ಟಿನಿಂದ ಬಂದದ್ದು. ವರ್ಣತಂತುಗಳಲ್ಲಿ ಒಂದರ ಸಣ್ಣ ತುಣುಕು ಅವನಿಗೆ ಬಂದಿರಲಿಲ್ಲ. ಅದಕ್ಕೆ ಪ್ರೇಡರ್-ವಿಲ್ಲಿ ಎಂದು ಹೆಸರು. ಹೊಟ್ಟೆ ತುಂಬಿತು ಎಂಬ ಸುದ್ದಿ ಅವನ ತಲೆಗೆ ಮುಟ್ಟುತ್ತಲೇ ಇರಲಿಲ್ಲ. ತಿಂದರೂ ಹಸಿವು, ತಿನ್ನದಿದ್ದರೂ ಹಸಿವು. "ಯಾರೋ ಇಬ್ಬರು ಡಾಕ್ಟರು ನನ್ನ ಹೊಟ್ಟೆಗೆ ತಮ್ಮ ಹೆಸರಿಟ್ಕೊಂಡು ಕೂತಿದಾರೆ. ಒಂದು ದಿನಾನಾದ್ರೂ ಊಟಕ್ಕೆ ಕರೆದ್ರಾ?" ಎಂದು ಅವನು ಕೆಲಸದ ಜಾಗದಲ್ಲಿ ಹೇಳಿ ನಗಿಸುತ್ತಿದ್ದ. ಮೂವತ್ತು ದಾಟಿದ ಗಂಡಸಾದರೂ ಎತ್ತರ ಅಣ್ಣನ ಭುಜಕ್ಕೂ ಬರುತ್ತಿರಲಿಲ್ಲ. ಕೈ ಚಿಕ್ಕದು, ಪಾದ ಚಿಕ್ಕದು, ಹಟ ಮಾತ್ರ ಊರಗಲ.

ತಾಯಿ ಇರುವಷ್ಟು ದಿನ ತಾಯಿಯೇ ಬೀಗ. ಆಕೆ ಹೋದ ಮೇಲೆ ಅಣ್ಣ ತಮ್ಮ ಇಬ್ಬರೇ ಉಳಿದರು. ಆ ವರ್ಷ ಚೂರಣ್ಣ ಅಕ್ಕಪಕ್ಕದವರ ಕಸದ ಡಬ್ಬಿಗೂ ಕೈ ಹಾಕಿದ. ಎಡಗೈಯ ಹಿಂಬದಿಯನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡ. ಒಂದೇ ಪ್ರಶ್ನೆಯನ್ನು ದಿನವಿಡೀ ಕೇಳಿ ಅಣ್ಣನ ತಲೆ ತಿಂದ. ಕೊನೆಗೆ ಮನೋವೈದ್ಯೆಯೊಬ್ಬರು ಹೇಳಿದ್ದು ತುಂಬ ಸರಳವಾದ ಮಾತು. "ಇವರ ಹಸಿವನ್ನ ನಾವು ಕಡಿಮೆ ಮಾಡಕ್ಕಾಗಲ್ಲ. ಸಿಗುತ್ತೋ ಇಲ್ವೋ ಅನ್ನೋ ಅನುಮಾನ ಇದೆಯಲ್ಲ, ಅದನ್ನ ತೆಗೀಬಹುದು. ಊಟ ಹೊತ್ತಿಗೆ ಸರಿಯಾಗಿ ಬರಲಿ. ಉಳಿದ ಹೊತ್ತಲ್ಲಿ ಬೀಗ ಇರಲಿ."

ಅಣ್ಣ ಬೀಗ ಜಡಿದ. ಮೊದಲ ಕೆಲವು ವಾರ ಮನೆ ರಣರಂಗ. ಆಮೇಲೆ ಯಾರೋ ತಲೆಯೊಳಗಿನ ರೇಡಿಯೋ ಆರಿಸಿದ ಹಾಗೆ ಆಯಿತು. ಸಿಗುವುದೇ ಇಲ್ಲ ಎಂದು ಖಾತ್ರಿಯಾದ ವಸ್ತುವಿನ ಹಿಂದೆ ಎಷ್ಟು ಹೊತ್ತು ಅಂತ ಅಲೆಯುವುದು? ಚೂರಣ್ಣ ಟೀವಿ ನೋಡಿದ, ಕಿಟಕಿಯಿಂದ ಬೀದಿ ನೋಡಿದ, ಒಡೆದ ಹೂಜಿಯನ್ನು ಕೂತು ಜೋಡಿಸಿದ. ಹೂಜಿ ಜೋಡಿಸಿದ್ದನ್ನು ಕಂಡ ಟೈಲ್ಸ್ ಮೇಸ್ತ್ರಿಯೊಬ್ಬ ಅವನನ್ನು ಕೆಲಸಕ್ಕೆ ಕರೆದುಕೊಂಡು ಹೋದ.

ಆ ಮೇಸ್ತ್ರಿ ಒಡೆದ ಟೈಲ್ಸ್ ಚೂರುಗಳಲ್ಲಿ ನೆಲ ಹಾಸುವವನು. ಚೂರುಗಳ ರಾಶಿಯ ಮುಂದೆ ಕೂತು, ಯಾವ ಮೂಲೆಗೆ ಯಾವುದು ಕೂರುತ್ತದೆ ಎಂದು ಹುಡುಕುವುದು ಬೇರೆಯವರಿಗೆ ತಲೆನೋವಿನ ಕೆಲಸ. ಚೂರಣ್ಣನಿಗೆ ಅದೇ ಇಷ್ಟ. ಗಾರೆ ಕಲಸಲು, ಮೂಟೆ ಹೊರಲು ಅವನ ಮೈಯಲ್ಲಿ ಕಸುವಿಲ್ಲ. ಚೂರು ಹುಡುಕಲು ಕೂತರೆ ಮಾತ್ರ ಏಳಿಸುವುದು ಕಷ್ಟ. ಚೂರಣ್ಣ ಎಂಬ ಹೆಸರು ಅಲ್ಲಿ ಹುಟ್ಟಿದ್ದು. ಮನೆಗೂ ಅದೇ ಬಂತು. ಕೂಲಿ ನೇರವಾಗಿ ಅಣ್ಣನಿಗೆ ಹೋಗುತ್ತಿತ್ತು. ಚೂರಣ್ಣನ ಜೇಬಿನಲ್ಲಿ ಬಸ್ ಪಾಸು ಬಿಟ್ಟರೆ ಏನೂ ಇರುತ್ತಿರಲಿಲ್ಲ, ಯಾಕೆಂದರೆ ಬಸ್ ಸ್ಟಾಪಿನ ಎದುರಿಗೇ ಬೇಕರಿ.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಅಣ್ಣ ಮದುವೆಯಾದ.

ಅತ್ತಿಗೆ ಕಿಟಕಿ ಬಾಗಿಲಿನ ಪರದೆ ಹೊಲಿಯುವವಳು. ಹೊಲಿಗೆ ಯಂತ್ರದ ಸಮೇತ ಮನೆಗೆ ಬಂದಳು. ಮೈದುನನ ವಿಷಯ ಮೊದಲೇ ಗೊತ್ತಿತ್ತು. ಅಣ್ಣ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಕಿವಿಯಲ್ಲಿ ಕೇಳಿದ್ದೇ ಬೇರೆ, ಬೆಳಿಗ್ಗೆ ಎದ್ದು ನೀರು ಕುಡಿಯಲು ಹೋದರೆ ಎದುರಿಗೆ ಬೀಗ ಕಾಣುವುದೇ ಬೇರೆ. ಒಂದು ತಿಂಗಳು ಸುಮ್ಮನಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಸರಿಸಿದಳು.

"ನನಗೆ ಆಗ್ತಿಲ್ಲ ರೀ. ನಾನು ದೊಡ್ಡಮ್ಮನ ಮನೇಲಿ ಬೆಳೆದವಳು. ಅವರ ಅಲಮಾರಿಗೆ ಹೀಗೇ ಬೀಗ ಇರ್ತಿತ್ತು. ಸ್ಕೂಲಿಂದ ಬಂದು ಅದರ ಮುಂದೆ ನಿಂತ್ಕೊಳ್ಳೋದು, ಅವರು ನಿದ್ದೆಯಿಂದ ಏಳೋವರೆಗೂ. ನನ್ನ ಮನೇಲಿ ಅಂಥದ್ದು ಇರಬಾರದು ಅಂತ ಅವತ್ತೇ ಅಂದ್ಕೊಂಡಿದ್ದೆ."

"ಇದು ಬೇರೆ ಕಣೇ," ಎಂದ ಅಣ್ಣ.

"ಏನು ಬೇರೆ? ಇವರೇನು ಪ್ರಾಣಿನಾ?" ಅತ್ತಿಗೆ ಚೂರಣ್ಣನ ಕಡೆ ತಿರುಗಿದಳು. "ನೀವು ದೊಡ್ಡವರು. ದುಡೀತೀರಿ. ನಾನು ನಿಮ್ಮನ್ನ ನಂಬ್ತೀನಿ."

ಅಣ್ಣ ಗಡ್ಡ ಕೆರೆದುಕೊಂಡ. ಬೇಡ ಎಂದರೆ ಹೊಸ ಹೆಂಡತಿಯ ಕಣ್ಣಿನಲ್ಲಿ ಅವನೇ ದೊಡ್ಡಮ್ಮನಾಗುತ್ತಿದ್ದ. "ಮೂರು ವರ್ಷದಿಂದ ಒಂದು ತಕರಾರಿಲ್ಲ," ಎಂದ ಕೊನೆಗೆ. "ಈಗ ಸುಧಾರಿಸಿದಾನೆ ಬಿಡು." ಅಣ್ಣ ಲಿಫ್ಟ್ ರಿಪೇರಿಯವನು. ಮೂರು ವರ್ಷದಿಂದ ಬಿದ್ದಿಲ್ಲ ಎಂದು ಲಿಫ್ಟಿನ ಬ್ರೇಕು ಬಿಚ್ಚಿಡುವ ಮನುಷ್ಯನಲ್ಲ. ತಮ್ಮನ ವಿಷಯದಲ್ಲಿ ಮಾತ್ರ ಅದನ್ನೇ ಮಾಡಿದ.

ಚೂರಣ್ಣ ಬೇಡ ಎನ್ನಬೇಕಿತ್ತು. ಆದರೆ ಅವನನ್ನು ಮನೆಯೊಳಗೆ 'ನೀವು' ಎಂದವಳು ಇವಳೊಬ್ಬಳೇ. ನಂಬ್ತೀನಿ ಎಂದವರಂತೂ ಯಾರೂ ಇರಲಿಲ್ಲ. ಎದೆ ಉಬ್ಬಿಸಿಕೊಂಡು ಕೂತ. ಮಾರನೆಯ ದಿನ ಅಣ್ಣ ಬೀಗ ತೆಗೆದು ತನ್ನ ಔಜಾರಿನ ಪೆಟ್ಟಿಗೆಗೆ ಹಾಕಿಕೊಂಡ. ಅತ್ತಿಗೆ ಕೊಂಡಿಯನ್ನೂ ಕೀಳಿಸಿ, ಬಾಗಿಲಿನ ತೂತುಗಳಿಗೆ ಮೇಣ ತುಂಬಿ, ಮೇಲೆ ಬಣ್ಣ ಬಳಿದಳು. ಅಲ್ಲಿ ಬೀಗ ಇತ್ತು ಎಂದು ಯಾರಿಗೂ ಗೊತ್ತಾಗದ ಹಾಗೆ.

ರೇಡಿಯೋ ಮತ್ತೆ ಶುರುವಾಯಿತು.

ಶಾಲೆಯೊಂದರ ಪಡಸಾಲೆಗೆ ನೆಲ ಹಾಸುವ ಕೆಲಸ ಆಗ ನಡೆದಿತ್ತು. ಚೂರುಗಳ ರಾಶಿಯ ಮುಂದೆ ಚೂರಣ್ಣನ ಮೈ ಮಾತ್ರ ಕೂತಿರುತ್ತಿತ್ತು. ಮನಸ್ಸು ಮನೆಯಲ್ಲಿ, ತೆರೆದ ಬಾಗಿಲಿನ ಒಳಗೆ. ಈಗ ಅತ್ತಿಗೆ ಏನು ಮಾಡುತ್ತಿರಬಹುದು? ಬ್ರೆಡ್ಡು ಹೊರಗಿದೆಯೋ ಡಬ್ಬಿಯಲ್ಲಿದೆಯೋ? ಮನೆಗೆ ಹೋದ ತಕ್ಷಣ ಒಂದು ತುಂಡು ತೆಗೆದರೆ ಗೊತ್ತಾಗುತ್ತದೆಯೇ? ಎರಡು? ತೆಗೆಯುವುದಿಲ್ಲ, ನಂಬಿದಾರೆ. ಒಂದೇ ಒಂದು? ಬೆಳಿಗ್ಗೆಯಿಂದ ಸಂಜೆಯವರೆಗೆ ತನ್ನ ಜೊತೆಯಲ್ಲೇ ವಾದ ಮಾಡಿ ಮಾಡಿ ಅವನು ಮೂಟೆ ಹೊತ್ತವರಿಗಿಂತ ಹೆಚ್ಚು ದಣಿಯುತ್ತಿದ್ದ. ಎಡಗೈಯ ಹಿಂಬದಿ ಮತ್ತೆ ಕೆಂಪಾಯಿತು.

"ಲೋ ಚೂರಣ್ಣ, ಇದೇನೋ ಇದು?" ಎಂದ ಮೇಸ್ತ್ರಿ, ನೆಲದ ಮೇಲೆ ಅಂಗೈ ಆಡಿಸುತ್ತ. "ನೀಲಿಯ ಮೂತಿ ತಂದು ಹಳದಿಯೊಳಗೆ ತುರುಕಿದೀಯಲ್ಲ."

"ಸರಿಯಾಗೇ ಇದೆ."

"ಸರಿ ಇದೆ, ಕಾಲು ಕೊಯ್ಯಕ್ಕೆ ಸರಿಯಾಗಿದೆ. ಮಕ್ಕಳು ಬರಿಗಾಲಲ್ಲಿ ಓಡೋ ಜಾಗ ಇದು."

"ನಿಮ್ಮ ಗಾರೆನೇ ಸರಿ ಇಲ್ಲ."

"ಹೂಂ, ಗಾರೆ ಸರಿ ಇಲ್ಲ, ಮೇಸ್ತ್ರಿ ಸರಿ ಇಲ್ಲ, ಭೂಮಿ ಡೊಂಕು," ಎಂದು ಮೇಸ್ತ್ರಿ ಕರಣೆಯಿಂದ ಆ ಚೂರುಗಳನ್ನೆಲ್ಲ ಎಬ್ಬಿಸಿ ಬಕೆಟ್ಟಿಗೆ ಹಾಕಿದ. ಹಾಗೆ ಎಬ್ಬಿಸಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಮನೆಯಲ್ಲಿ ಮೊದಲು ಒಂದು ತುಂಡು ಬ್ರೆಡ್ಡು ಹೋಯಿತು. ಆಮೇಲೆ ಅರ್ಧ ಪೊಟ್ಟಣ ಬಿಸ್ಕತ್ತು. ಅತ್ತಿಗೆ ಕೇಳಿದಾಗ ಅವನು ಅಣ್ಣನ ಮೇಲೆ ಹಾಕಿದ. ಅಣ್ಣನಿಗೆ ಬಿಸ್ಕತ್ತು ಸೇರುವುದಿಲ್ಲ ಎಂದು ಗೊತ್ತಿದ್ದರೂ. ಅತ್ತಿಗೆ ಮುಖ ಸಣ್ಣದು ಮಾಡಿಕೊಂಡಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಒಂದು ರಜೆಯ ಮಧ್ಯಾಹ್ನ ಅಣ್ಣ ಮಲಗಿದ್ದ, ಅತ್ತಿಗೆ ಹೊಲಿದ ಪರದೆ ಕೊಡಲು ಹೋಗಿದ್ದಳು. ಚೂರಣ್ಣ ನೀರು ಕುಡಿಯಲೆಂದೇ ಒಳಗೆ ಹೋದ. ನಿಜವಾಗಿಯೂ ನೀರಿಗೇ. ಅತ್ತಿಗೆ ವಾಪಸ್ಸು ಬಂದಾಗ ಅವನು ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತಿದ್ದ. ಬ್ರೆಡ್ಡು ಮುಗಿದಿತ್ತು, ರಾತ್ರಿಗೆಂದು ಮಾಡಿಟ್ಟ ಅನ್ನ ಮುಗಿದಿತ್ತು, ಸಕ್ಕರೆಯ ಡಬ್ಬಿ ತಳ ಕಂಡಿತ್ತು. ಗಟ್ಟಿಯಾಗಿ ಹೆಪ್ಪುಗಟ್ಟಿದ ಬಟಾಣಿಯನ್ನು ಅವನು ಹಾಗೇ ಮುಕ್ಕುತ್ತಿದ್ದ. ಅತ್ತಿಗೆಯನ್ನು ನೋಡಿಯೂ ನಿಲ್ಲಿಸಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಬೇರೆಯವರಾಗಿದ್ದರೆ ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಂಡು ಬಚಾವಾಗುತ್ತಿದ್ದರು. ಚೂರಣ್ಣನ ಮೈಗೆ ಅದೂ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೂಗಿನಿಂದ ಕೊಳವೆ ಇಳಿಸಿ ಒಂದು ದಿನ ಇರಿಸಿಕೊಂಡರು. ಸ್ವಲ್ಪ ತಡವಾಗಿದ್ದರೆ ಹೊಟ್ಟೆ ಹರಿದುಹೋಗುತ್ತಿತ್ತು ಎಂದು ಡ್ಯೂಟಿ ಡಾಕ್ಟರು ಅಣ್ಣನಿಗೆ ಹೇಳಿದರು. ಹೇಳುವಾಗ ದನಿ ತಗ್ಗಿಸಲಿಲ್ಲ, ಚೂರಣ್ಣನಿಗೂ ಕೇಳಿಸಿತು.

ಮನೆಗೆ ಬಂದ ದಿನ ಗಂಡ ಹೆಂಡತಿಗೆ ಜಗಳ. "ಬೀಗ ಹಾಕೋಣ," ಎಂದು ಅಣ್ಣ. "ನನ್ನದೇ ತಪ್ಪು, ನಾನು ನೋಡ್ಕೋಬೇಕಿತ್ತು. ಇನ್ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ಬೀಗ ಬೇಡ," ಎಂದು ಅತ್ತಿಗೆ, ಅಳುತ್ತ. ಅಣ್ಣ ದಾರಿ ಕಾಣದೆ ತಮ್ಮನ ಕಡೆ ತಿರುಗಿದ. "ನೀನೇ ಹೇಳೋ. ಬೀಗ ಬೇಕಾ, ಬೇಡ್ವಾ?"

ಅತ್ತಿಗೆ ಕಣ್ಣು ಒರೆಸಿಕೊಂಡು ಅವನನ್ನೇ ನೋಡುತ್ತಿದ್ದಳು. ಚೂರಣ್ಣನ ನಾಲಿಗೆಯ ತುದಿಯಲ್ಲಿ 'ಬೇಕು' ಇತ್ತು. ಅದನ್ನು ಹೇಳಿದರೆ ಅವನು ಮತ್ತೆ ಮನೆಯ ಚಿಕ್ಕವನಾಗುತ್ತಿದ್ದ, ಎಲ್ಲರೂ ತಲೆ ಸವರುವ ಚಿಕ್ಕವನು.

"ಬೇಡ," ಎಂದ.

ಮಾರನೆಯ ದಿನ ಅತ್ತಿಗೆ ಹೊಲಿಗೆ ಯಂತ್ರವನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಇಟ್ಟುಕೊಂಡಳು. ಮೊದಲು ಅಲ್ಲಿ ಬೀಗ ಇತ್ತು, ಈಗ ಅತ್ತಿಗೆ. ಇದು ಇನ್ನೂ ಕೆಟ್ಟದ್ದು. ಬೀಗದ ಜೊತೆ ಚೌಕಾಸಿ ಮಾಡಲು ಆಗುವುದಿಲ್ಲ. ಅತ್ತಿಗೆಯ ಜೊತೆ ಆಗುತ್ತದೆ. ಒಂದು ಬಾಳೆಹಣ್ಣು ಅಂದರೆ ಅರ್ಧ ಕೊಡುತ್ತಾಳೆ. ಇವತ್ತು ಕೊಟ್ಟದ್ದನ್ನು ನಾಳೆ ಕೊಡುವುದಿಲ್ಲ. ಸಪ್ಪೆ ಮುಖ ಮಾಡಿದರೆ ಕರಗುತ್ತಾಳೆ, ಕೂಗಾಡಿದರೆ ಹೆದರುತ್ತಾಳೆ. ಚೂರಣ್ಣ ಕೆಲಸದಿಂದ ಬಂದು ಮಲಗುವವರೆಗೆ ಅವಳ ಕುರ್ಚಿಯ ಸುತ್ತಲೇ ತಿರುಗುತ್ತಿದ್ದ. ಅವಳು ಬಚ್ಚಲಿಗೆ ಹೋಗುವುದನ್ನೂ ಕಾಯುತ್ತಿದ್ದ. ತಾನು ಕಾಯುತ್ತಿರುವುದು ತನಗೇ ಅಸಹ್ಯ ಹುಟ್ಟಿಸುತ್ತಿತ್ತು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಪರದೆಗಳ ಹೊಲಿಗೆ ಸೊಟ್ಟಗಾಯಿತು.

ಅಷ್ಟರಲ್ಲಿ ಮೇಸ್ತ್ರಿಯ ತಾಳ್ಮೆ ಮುಗಿಯಿತು. ಶಾಲೆಯ ಬಾಗಿಲ ಮುಂದೆ ದೊಡ್ಡದೊಂದು ಸೂರ್ಯನ ಚಿತ್ತಾರ ಹಾಸಬೇಕಿತ್ತು. ಅದರ ಕಿರಣಗಳನ್ನು ಚೂರಣ್ಣ ಒಂದಕ್ಕೊಂದು ತಾಳಮೇಳವಿಲ್ಲದೆ ಕೂರಿಸಿದ್ದ. ಮೇಸ್ತ್ರಿ ಬೈಯಲಿಲ್ಲ, ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ.

"ಮನೇಲಿ ಏನು?"

"ಏನಿಲ್ಲ."

"ಏನಿಲ್ಲದೆ ಕೈಯನ್ನ ಹೀಗೆ ಬಗೆದುಕೊಂಡಿದೀಯಾ? ನೋಡು, ನಿನ್ನ ತೆಗೆದು ಹಾಕಕ್ಕೆ ನನಗೆ ಇಷ್ಟ ಇಲ್ಲ. ಆದ್ರೆ ಈ ಸೂರ್ಯ ಹಿಂಗೆ ಹುಟ್ಟಿದ್ರೆ ಹೆಡ್‌ಮಾಸ್ಟ್ರು ನನ್ನ ಮುಳುಗಿಸ್ತಾರೆ. ಮನೇಗೆ ಹೋಗು. ಸರಿ ಮಾಡ್ಕೊಂಡು ಬಾ. ಆಗಲಿಲ್ವಾ, ಬೇರೆಯವನನ್ನ ಹುಡುಕ್ತೀನಿ."

ಚೂರಣ್ಣ ಎದ್ದ. ಗೇಟಿನವರೆಗೆ ಹೋದ. ಮನೆಗೆ ಹೋದರೆ ಇಡೀ ಹಗಲು ಆ ಬಾಗಿಲು, ಆ ಕುರ್ಚಿ, ಆ ಅರ್ಧ ಬಾಳೆಹಣ್ಣು. ನಾಳೆಯೂ ಅದೇ. ಕೆಲಸವೂ ಇಲ್ಲ ಎಂದಾದರೆ ಜೀವನಪೂರ್ತಿ ಅದೇ. ಗೇಟಿನ ಸರಳು ಹಿಡಿದು ಬಹಳ ಹೊತ್ತು ನಿಂತ. ಅವನಿಗೆ ಯೋಚನೆಗಳು ಬೇಗ ಬೇಗ ಬರುತ್ತಿರಲಿಲ್ಲ. ಬಂದದ್ದು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ. ವಾಪಸ್ಸು ಬಂದ.

"ಮೇಸ್ತ್ರಿ, ನನಗೊಂದು ಬೀಗ ಕೊಡಿಸಿ."

"ಬೀಗ ಯಾಕೋ?"

ಚೂರಣ್ಣ ಎಲ್ಲ ಹೇಳಿದ. ಬೇಡ ಎಂದದ್ದನ್ನೂ ಹೇಳಿದ. ಮೇಸ್ತ್ರಿ ಬೀಡಿ ಆರಿಸಿ ಎದ್ದು, ಪ್ಯಾಂಟಿನ ಧೂಳು ಕೊಡವಿದ. "ತಗೋ, ದುಡ್ಡು ಕೊಡ್ತೀನಿ, ಹೋಗಿ ತಂದುಬಿಡು."

"ನನ್ನ ಕೈಗೆ ದುಡ್ಡು ಕೊಟ್ರೆ ಬೀಗ ಬರಲ್ಲ ಮೇಸ್ತ್ರಿ, ಕೇಕು ಬರುತ್ತೆ. ನೀವೂ ಬನ್ನಿ. ಕೂಲಿಯಲ್ಲಿ ಹಿಡ್ಕೊಳ್ಳಿ, ನನ್ನ ದುಡ್ಡಲ್ಲೇ ಆಗಬೇಕು ಇದು."

ಹಾರ್ಡ್‌ವೇರ್ ಅಂಗಡಿ ಬೇಕರಿಯ ಆಚೆಗಿತ್ತು. ಬೇಕರಿಯ ಪಕ್ಕಕ್ಕೆ ಮೇಸ್ತ್ರಿ, ರಸ್ತೆಯ ಪಕ್ಕಕ್ಕೆ ಚೂರಣ್ಣ, ಹಾಗೆ ನಡೆದರು. ಬೇಕರಿ ಎದುರು ಬಂದಾಗ ಚೂರಣ್ಣನ ಕಾಲು ತಾನಾಗಿ ನಿಧಾನವಾಯಿತು. ಬೆಣ್ಣೆಯ ವಾಸನೆ ಮೂಗಿನಿಂದ ಒಳಗೆ ಹೋಗಿ ಕಿವಿಯವರೆಗೆ ತುಂಬಿತು. ಮೇಸ್ತ್ರಿ ಅವನ ಶರ್ಟಿನ ಕಾಲರು ಹಿಡಿದುಕೊಂಡ. ಬೀದಿಯಲ್ಲಿ ನೋಡಿದವರು ಕಳ್ಳನನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂದೇ ತಿಳಿದರು.

"ಎಂಥ ಬೀಗ? ಗೇಟಿಗಾ, ಪೆಟ್ಟಿಗೆಗಾ?" ಎಂದು ಅಂಗಡಿಯವನು ಕೇಳಿದ.

"ಅಡುಗೆಮನೆಗೆ," ಎಂದ ಚೂರಣ್ಣ.

"ಅಡುಗೆಮನೆಗೆ ಯಾರ್ರೀ ಬೀಗ ಹಾಕ್ತಾರೆ? ಕಳ್ಳರ ಕಾಟನಾ?"

"ಹೂಂ. ಒಬ್ಬನೇ ಕಳ್ಳ."

"ಯಾರು ಅಂತ ಗೊತ್ತಾಯ್ತಾ?"

"ನಾನೇ."

ಅಂಗಡಿಯವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಗೋಡೆಗೆ ತೂಗು ಹಾಕಿದ ಕರಣೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅಂಗಡಿಯವನು ಹೆಚ್ಚು ಕೆದಕಲಿಲ್ಲ, ವ್ಯಾಪಾರ ವ್ಯಾಪಾರವೇ. "ಕಳ್ಳ ಗಟ್ಟಿಯಾ?" ಎಂದ.

"ತೋಳಲ್ಲಿ ಶಕ್ತಿ ಇಲ್ಲ. ಬಿಡೋ ಜಾತಿ ಅಲ್ಲ."

"ಹಾಗಾದ್ರೆ ಇದು." ಅಂಗೈಯಗಲದ ಒಂದು ಬೀಗವನ್ನು ಮೇಜಿನ ಮೇಲಿಟ್ಟ. "ಬೇಕಾದ್ರೆ ಕಳ್ಳನೇ ಎಳೆದು ನೋಡ್ಲಿ."

ಚೂರಣ್ಣ ಎರಡೂ ಕೈಯಲ್ಲಿ ಹಿಡಿದು ಎಳೆದ. ಮೊಣಕಾಲ ಮಧ್ಯೆ ಇಟ್ಟುಕೊಂಡು ಎಳೆದ. ಹಲ್ಲು ಕಚ್ಚಿ ಎಳೆದ. ಬೀಗ ಅಲುಗಲಿಲ್ಲ. ಅವನ ಮುಖದಲ್ಲಿ ಆ ದಿನ ಮೊದಲ ಸಲ ನಗು ಬಂತು. "ಇದೇ ಕೊಡಿ, ಒಂದು ಕೊಂಡಿನೂ," ಎಂದ. ಕೀಗಳನ್ನು ಅಂಗಡಿಯವನು ಅವನ ಕಡೆ ಚಾಚಿದಾಗ ಕೈ ಹಿಂದಕ್ಕೆ ಕಟ್ಟಿಕೊಂಡ. "ಅವರ ಹತ್ರ ಕೊಡಿ."

ಮನೆಯ ಬಾಗಿಲು ತೆರೆದ ಅತ್ತಿಗೆಗೆ ಮೊದಲು ಕಂಡದ್ದು ಮೇಸ್ತ್ರಿಯ ಕೈಯ ಡ್ರಿಲ್ಲು, ಆಮೇಲೆ ಚೂರಣ್ಣ ಎದೆಗೆ ಒತ್ತಿಕೊಂಡಿದ್ದ ಬೀಗ.

"ಇದೇನು? ಯಾರು ತರೋಕೆ ಹೇಳಿದ್ದು? ನಿಮ್ಮ ಅಣ್ಣನಾ?"

"ನಾನೇ ತಂದೆ. ನನ್ನ ಕೂಲಿಯಲ್ಲಿ."

"ಮೊನ್ನೆ ಬೇಡ ಅಂದ್ರಲ್ಲ ನೀವು?"

"ಸುಳ್ಳು ಹೇಳ್ದೆ."

"ನಾನು ಮಾತಾಡಲ್ಲಮ್ಮ," ಎಂದು ಮೇಸ್ತ್ರಿ ಗೋಡೆಗೆ ಒರಗಿದ. "ತೂತು ಕೊರೆಯೋಕೆ ಬಂದೋನು ನಾನು."

ಅತ್ತಿಗೆ ಒಳಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತುಕೊಂಡಳು. ಯಂತ್ರದ ಮೇಲೆ ಎರಡೂ ಕೈ ಇಟ್ಟಳು, ಯಾರೋ ಅದನ್ನು ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ. "ನಾನು ನಿಮ್ಮನ್ನ ನಂಬಿದ್ದೆ," ಎಂದಳು. "ಈಗಲೂ ನಂಬ್ತೀನಿ. ಅಭ್ಯಾಸ ಆಗಬೇಕು ಅಷ್ಟೇ. ಸ್ವಲ್ಪ ದಿನ ಹೋಗಲಿ."

"ನನ್ನನ್ನ ನಂಬಿ. ನನ್ನ ಹೊಟ್ಟೆನ ನಂಬಬೇಡಿ. ಅದು ನನ್ನ ಮಾತೇ ಕೇಳಲ್ಲ, ನಿಮ್ಮ ಮಾತು ಕೇಳುತ್ತಾ?"

"ನಿಮಗೆ ಗೊತ್ತಿಲ್ಲ, ಬೀಗದ ಮುಂದೆ ನಿಲ್ಲೋದು ಅಂದ್ರೆ ಹೇಗಿರುತ್ತೆ ಅಂತ—" ಎಂದವಳು ನಾಲಿಗೆ ಕಚ್ಚಿಕೊಂಡಳು. ಮೂರು ವರ್ಷ ಬೀಗದ ಮುಂದೆ ಬಾಳಿದವನಿಗೆ ಈ ಮಾತು.

ಚೂರಣ್ಣ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಏನೋ ನಿಜವಾಗಿಯೂ ತಿಳಿಯಬೇಕಿತ್ತು. ನೆಲದ ಮೇಲೆ ಕೂತುಕೊಂಡ.

"ಅತ್ತಿಗೆ, ನಿಮ್ಮ ದೊಡ್ಡಮ್ಮ ಅಲಮಾರಿ ತೆಗೆದ್ರು ಅಂತ ಇಟ್ಕೊಳ್ಳಿ. ಎಷ್ಟು ತಿಂತಿದ್ರಿ?"

"ಎಷ್ಟು ಅಂದ್ರೆ... ಹೊಟ್ಟೆ ತುಂಬೋ ಅಷ್ಟು."

"ಆಮೇಲೆ?"

"ಆಮೇಲೆ ಏನು? ಆಡೋಕೆ ಹೋಗ್ತಿದ್ದೆ."

"ಅಲಮಾರಿ ತೆರೆದೇ ಇದ್ರೂ?"

"ಇದ್ರೇನು? ತಿಂದಾಯ್ತಲ್ಲ. ಆಮೇಲೆ ಯಾಕೆ ಅಲ್ಲಿ ನಿಲ್ಲಲಿ?"

"ನನಗೆ ಆ ಆಮೇಲೆ ಇಲ್ಲ," ಎಂದ ಚೂರಣ್ಣ. "ತಿಂದ್ರೂ ಬರಲ್ಲ, ಬಿಟ್ರೂ ಬರಲ್ಲ. ಬೀಗ ಹಾಕಿದ್ರೆ ಮಾತ್ರ ಬರುತ್ತೆ. ಬೀಗ ಇದ್ದಾಗ ನಾನೂ ಆಡೋಕೆ ಹೋಗ್ತಿದ್ದೆ."

ಸೂಜಿಯ ಕೆಳಗೆ ಅರ್ಧ ಹೊಲಿದು ಬಿಟ್ಟ ಪರದೆ ಇತ್ತು. ಅತ್ತಿಗೆ ಅದರ ಅಂಚನ್ನು ಬೆರಳಿನಲ್ಲಿ ಸವರುತ್ತ ಕೂತಳು. ಚಿಕ್ಕಂದಿನಲ್ಲಿ ಆ ಅಲಮಾರಿಯ ಮುಂದೆ ನಿಂತ ಹುಡುಗಿ ಬೀಗ ಒಡೆಯಬೇಕು ಅಂದುಕೊಂಡಿದ್ದಳು, ಅಷ್ಟೇ. ಬೀಗ ತಾನೇ ತಂದುಕೊಡುವವನೊಬ್ಬ ಬರುತ್ತಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಮತ್ತೆ ಕೀ? ನಿಮ್ಮ ಅಣ್ಣ ಇಟ್ಕೊಳ್ಳಲಿ."

"ಹಗಲು ಮನೇಲಿರೋರು ನೀವು. ಸಂಜೆ ನಾನು ಬಂದಾಗಲೂ ಇರೋರು ನೀವೇ. ನೀವೇ ಇಟ್ಕೋಬೇಕು. ಇನ್ನೊಂದು ವಿಷಯ. ನಾನು ಕೇಳ್ತೀನಿ."

"ಕೇಳ್ತೀರಾ?"

"ಇವತ್ತೇ ಕೇಳ್ತೀನಿ. ಕಾಲು ಹಿಡೀತೀನಿ, ಬೈತೀನಿ, ಏನೇನೋ ಅಂತೀನಿ. ಕೊಡಬೇಡಿ. ಕೊಟ್ರೆ ಆಮೇಲೆ ದಿನಾ ಕೇಳ್ತೀನಿ."

"ನನ್ನ ಕೈಲಿ ಆಗಲ್ಲಪ್ಪ," ಎಂದಳು ಅತ್ತಿಗೆ.

"ಕೊರೀಲಾ, ಬೇಡ್ವಾ?" ಎಂದು ಹೊರಗಿನಿಂದ ಮೇಸ್ತ್ರಿಯ ದನಿ. "ಡ್ರಿಲ್ಲು ಬೇರೆಯವರದು. ಸಂಜೆಯೊಳಗೆ ವಾಪಸ್ಸು ಕೊಡಬೇಕು."

ಅತ್ತಿಗೆ ಎದ್ದಳು. ಕುರ್ಚಿ ಪಕ್ಕಕ್ಕೆ ಇಟ್ಟಳು. ಹೊಲಿಗೆ ಯಂತ್ರದ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ಚೂರಣ್ಣನಿಗೆ ತೋರಿಸಿದಳು. ಇಬ್ಬರೂ ಸೇರಿ ಅದನ್ನು ಮೊದಲಿದ್ದ ಕಿಟಕಿಯ ಹತ್ತಿರಕ್ಕೆ ಎಳೆದರು. "ಕೊರೀರಿ," ಎಂದಳು ಮೇಸ್ತ್ರಿಗೆ. "ಹಳೇ ತೂತಿನ ಜಾಗದಲ್ಲಿ ಬೇಡ, ಅಲ್ಲಿ ಮೇಣ ತುಂಬಿದೀನಿ, ಹಿಡಿಯಲ್ಲ."

ಮೇಸ್ತ್ರಿ ಹೊರಡುವಾಗ ಚೂರಣ್ಣನ ಬೆನ್ನಿಗೆ ಗುದ್ದಿದ. "ನಾಳೆ ಬಾ. ಸೂರ್ಯನ್ನ ಎಬ್ಬಿಸಿ ಬಕೆಟ್ಟಲ್ಲಿ ಹಾಕಿರ್ತೀನಿ."

ಸಂಜೆ ಆಗುವವರೆಗೆ ಎಲ್ಲ ಚೆನ್ನಾಗಿತ್ತು. ಅತ್ತಿಗೆ ಅಡುಗೆ ಮುಗಿಸಿ, ಹೊರಗೆ ಬಂದು, ಬೀಗ ಹಾಕಿ, ಕೀಯನ್ನು ಎಲ್ಲೋ ಇಟ್ಟುಕೊಂಡಳು. ಊಟಕ್ಕೆ ಇನ್ನೂ ಹೊತ್ತಿತ್ತು. ಒಗ್ಗರಣೆಯ ವಾಸನೆ ಬಾಗಿಲ ಸಂದಿಯಿಂದ ಬಂತು. ಚೂರಣ್ಣ ಟೀವಿ ಮುಂದಿನಿಂದ ಎದ್ದ.

"ಅತ್ತಿಗೆ, ಮೇಸ್ತ್ರಿ ಕೊಂಡಿ ಸರಿಯಾಗಿ ಹಾಕಿಲ್ಲ ಅನ್ಸುತ್ತೆ. ಕೀ ಕೊಡಿ, ನೋಡ್ತೀನಿ."

"ಸರಿಯಾಗಿದೆ."

"ನೀರು ಬೇಕು."

"ಜಗ್ಗು ಇಲ್ಲೇ ಇದೆ."

"ಒಂದು ಚಮಚ ಅನ್ನ. ನಿಮ್ಮ ಎದುರಿಗೇ ತಿಂತೀನಿ. ನೀವೇ ಕೈಯಲ್ಲಿ ಹಾಕಿ."

"ಇಲ್ಲ."

"ನಾನೇ ತಂದ ಬೀಗ! ನನ್ನ ದುಡ್ಡಿನ ಬೀಗ! ನನಗೇ ಕೀ ಇಲ್ವಾ?"

ಅತ್ತಿಗೆ ಯಂತ್ರದ ಮೇಲೆ ಬಗ್ಗಿ ದಾರ ಪೋಣಿಸುವ ನೆಪ ಮಾಡಿದಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಚೂರಣ್ಣ ಬಾಗಿಲಿಗೆ ಒದ್ದ. ಚಪ್ಪಲಿ ಎತ್ತಿ ಬೀಗಕ್ಕೆ ಎಸೆದ. ನೀವು ಬಂದ ಮೇಲೇ ಈ ಮನೆ ಹಾಳಾಯಿತು ಎಂದ, ನಿಮ್ಮ ದೊಡ್ಡಮ್ಮನೇ ವಾಸಿ ಎಂದ. ಕೊನೆಗೆ ಅಳುತ್ತ, "ನೀವು ನನ್ನ ಅತ್ತಿಗೆನೇ ಅಲ್ಲ," ಎಂದ.

ಅತ್ತಿಗೆ ತಲೆ ಎತ್ತಿದಳು. ಅವಳ ಕಣ್ಣಲ್ಲೂ ನೀರು. "ಸರಿ, ಅಲ್ಲ. ಎಂಟು ಗಂಟೆಗೆ ಆಗ್ತೀನಿ. ಅಲ್ಲೀವರೆಗೂ ಕೂತ್ಕೋ ಹೋಗು."

ಅದೇ ಹೊತ್ತಿಗೆ ಅಣ್ಣ ಕೆಲಸದಿಂದ ಬಂದ. ಕೈಯೆಲ್ಲ ಲಿಫ್ಟಿನ ಗ್ರೀಸು. ಬಾಗಿಲ ಬಳಿ ಬಿದ್ದ ಚಪ್ಪಲಿ ನೋಡಿದ, ಬೀಗ ನೋಡಿದ, ಅಳುತ್ತಿರುವ ಇಬ್ಬರನ್ನೂ ನೋಡಿದ. "ಏನಾಯ್ತು? ಯಾರು ಹಾಕಿದ್ದು ಇದನ್ನ? ಪಾಪ, ಸ್ವಲ್ಪ ಏನಾದ್ರೂ ಕೊಡೇ—"

"ನೀವು ಸುಮ್ನಿರಿ," ಎಂದಳು ಅತ್ತಿಗೆ. "ಕೈ ತೊಳ್ಕೊಳ್ಳಿ ಹೋಗಿ."

ಅಣ್ಣ ಕೈ ತೊಳೆಯಲು ಹೋದ. ಚೂರಣ್ಣ ಇನ್ನೂ ಸ್ವಲ್ಪ ಹೊತ್ತು ಅತ್ತ. ಅಳು ನಿಧಾನವಾಗಿ ಬೇಜಾರಿಗೆ ತಿರುಗಿತು. ಇವಳು ಕೊಡುವುದಿಲ್ಲ. ಸಪ್ಪೆ ಮುಖ ಮಾಡಿಯಾಯಿತು, ಕೂಗಿಯಾಯಿತು, ಅತ್ತೂ ಆಯಿತು, ಕೊಡುವುದಿಲ್ಲ. ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಅಲ್ಲಿ ನಿಲ್ಲಲು ಕಾರಣವೇ ಉಳಿಯಲಿಲ್ಲ. ಅವನು ಮೂಗು ಒರೆಸಿಕೊಂಡು, ಚಪ್ಪಲಿಯನ್ನು ಬಾಗಿಲ ಹೊರಗೆ ಇಟ್ಟು ಬಂದು, ಅತ್ತಿಗೆಯ ಕೈಯಿಂದ ದಾರ ಈಸಿಕೊಂಡ. ಒಂದೇ ಸಲಕ್ಕೆ ಪೋಣಿಸಿ ಕೊಟ್ಟ.

ಎಂಟಕ್ಕೆ ಊಟ ಬಂತು. ಅವನ ತಟ್ಟೆಗೆ ಎಷ್ಟು ಬರಬೇಕೋ ಅಷ್ಟೇ ಬಂತು. ಚೂರಣ್ಣ ತಟ್ಟೆ ಬಳಿದು ತಿಂದು ಅತ್ತಿಗೆಯನ್ನು ನೋಡಿದ.

"ನಾಳೆನೂ ಬೈತೀನಿ."

"ಬೈ."

"ನಾಡಿದ್ದೂ."

"ಬೈಯಪ್ಪ. ಒಂದೇ ಥರ ಬೈಬೇಡ, ಬೇಜಾರಾಗುತ್ತೆ. ಹೊಸದೇನಾದ್ರೂ ಹುಡುಕು."

ಅಣ್ಣ ನಕ್ಕುಬಿಟ್ಟ, ಬಾಯಲ್ಲಿದ್ದ ಅನ್ನ ನೆತ್ತಿಗೆ ಹತ್ತಿತು. ಅತ್ತಿಗೆ ಅವನ ತಲೆಗೆ ತಟ್ಟಿ, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆದು, ದೀಪ ಆರಿಸಿ, ಬಾಗಿಲು ಎಳೆದುಕೊಂಡಳು. ಬೀಗ ಸಿಕ್ಕಿಸಿ, ಕೀಯನ್ನು ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ತಿರುಗಿಸಿದಳು.

"ಬಿತ್ತಾ?" ಎಂದು ಚೂರಣ್ಣ ಹಜಾರದಿಂದ ಕೂಗಿದ. "ಕೇಳಿಸ್ಲಿಲ್ಲ."

ಅತ್ತಿಗೆ ಕೀಯನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಜೋರಾಗಿ ಹಾಕಿದಳು. ಬೀಗ ಹಿಡಿದು ಒಂದು ಸಲ ಎಳೆದೂ ಎಳೆದಳು.

"ಈಗ?"

"ಹಾಂ," ಎಂದು ಚೂರಣ್ಣ ಕಾಲು ಚಾಚಿದ. "ನಾಳೆ ಬೇಗ ಎಬ್ಬಿಸಿ ಅತ್ತಿಗೆ. ಬಸ್ಸು ತಪ್ಪಿದ್ರೆ ಮೇಸ್ತ್ರಿ ಬಕೆಟ್ಟನ್ನ ಬೇರೆಯವರ ಕೈಗೆ ಕೊಡ್ತಾನೆ."